ಮೊದಲು ‘ಬೇಡ’ ಕಲಿಸುವ ಬೇಡಕ್ಕ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಅರ್ಧ ದೀಪಗಳು ಮಾತ್ರ ಉರಿಯುತ್ತಿವೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದ ಮಕ್ಕಳು ಬೆಂಚಿನ ಮೇಲೆ ಮುಖ ಗಂಟು ಹಾಕಿಕೊಂಡು ಕುಳಿತಿದ್ದಾರೆ. ಅವರೆದುರು ಗಿಡ್ಡ ಸ್ಟೂಲಿನ ಮೇಲೆ ಕುಳಿತ ದಪ್ಪ ಕನ್ನಡಕದ ಹೆಂಗಸೊಬ್ಬರು ಏಳು ವರ್ಷದ ಹುಡುಗಿಯ ಜೊತೆ ಗಂಭೀರವಾಗಿ ಚೌಕಾಸಿ ನಡೆಸಿದ್ದಾರೆ.

“ನಿನ್ನ ಮೂಗು ಕಿತ್ಕೊಳ್ಳಲಾ?”

“ಬೇಡ.”

“ಹೋಗ್ಲಿ, ಒಂದು ಕಿವಿ?”

“ಬೇಡ.”

“ನಿಮ್ಮಪ್ಪನ್ನ ಇಲ್ಲೇ ಇಟ್ಕೊಳ್ಳಲಾ? ನೆಲ ಒರೆಸೋಕೆ ನಮಗೆ ಜನ ಸಾಲದು.”

ಹುಡುಗಿ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡುತ್ತಾಳೆ. “ಬೇಡ. ಅವರಿಗೆ ಒರೆಸೋಕೆ ಬರಲ್ಲ,” ಎನ್ನುತ್ತಾಳೆ. ಅಪ್ಪ ಮೊಬೈಲಿನಲ್ಲಿ ಏನೋ ತುರ್ತು ಕೆಲಸವಿರುವವರಂತೆ ತಲೆ ತಗ್ಗಿಸುತ್ತಾರೆ.

ಇವರೇ ಬೇಡಕ್ಕ. ಮಕ್ಕಳು ಇಟ್ಟ ಹೆಸರು. ಸಂಬಳದ ಪಟ್ಟಿಯಲ್ಲಿ ‘ಸಹಾಯಕಿ’ ಎಂದಷ್ಟೇ ಇದೆ. ಹೊಸ ಔಷಧಗಳು ಮಕ್ಕಳ ಮೇಲೆ ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ನೋಡುವ ವಿಭಾಗ ಇದು. ಪ್ರಯೋಗಕ್ಕೆ ಸೇರಬೇಕಾದರೆ ಹೆತ್ತವರ ರುಜು ಸಾಲದು. ಏಳು ತುಂಬಿದ ಮಗುವೂ ತಿಳಿದು ಒಪ್ಪಬೇಕು. ಒಪ್ಪುವ ಹೊತ್ತಿನಲ್ಲಿ ಬೇಡಕ್ಕ ಪಕ್ಕದಲ್ಲಿರಬೇಕು. ‘ಮಗುವಿಗೆ ಗೊತ್ತಾಗಿದೆ’ ಎಂದು ಅವರು ತಲೆಯಾಡಿಸದೆ ಯಾರನ್ನೂ ಸೇರಿಸಿಕೊಳ್ಳಬಾರದು ಎಂಬ ನಿಯಮ ಮಾಡಿದವರು ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರೇ. ಆಮೇಲೆ ವಾರಕ್ಕೊಮ್ಮೆಯಾದರೂ ಆ ನಿಯಮಕ್ಕಾಗಿ ತಲೆ ಚಚ್ಚಿಕೊಳ್ಳುವವರೂ ಅವರೇ.

“ಬೇಡ ಅನ್ನೋಕೆ ಬರದೇ ಇರೋ ಮಗು ಹೂಂ ಅಂದ್ರೆ ಅದಕ್ಕೇನು ಬೆಲೆ ಹೇಳಿ?” ಎನ್ನುತ್ತಾರೆ ಬೇಡಕ್ಕ. “ಅದಕ್ಕೇ ಮೊದಲು ಬೇಡ ಅನ್ನೋದು ಕಲಿಸ್ತೀನಿ. ಅದು ಬಂದ್ಮೇಲೆ ಔಷಧಿ ಮಾತು.”

ಈ ಪಾಠವನ್ನು ಅವರು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಮಕ್ಕಳ ಬೂಟಿನ ಅಂಗಡಿಯಲ್ಲಿ. ಹದಿನೇಳು ವರ್ಷ ಅಲ್ಲಿ ಮೊಣಕಾಲೂರಿ ಕುಳಿತು ಪುಟ್ಟ ಪಾದಗಳಿಗೆ ಬೂಟು ತೊಡಿಸಿದ್ದಾರೆ. ಅಮ್ಮನಿಗೆ ಬಸ್ಸಿನ ಅವಸರ, ಅಪ್ಪನಿಗೆ ಬೆಲೆಯ ಚಿಂತೆ. “ಸರಿಯಾಗಿದೆಯಾ?” ಎಂದರೆ ಮಗು ಹೂಂ ಎನ್ನುತ್ತದೆ. ಮೂರನೇ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಕುಂಟುತ್ತಾ ಬರುತ್ತದೆ. ಜೊತೆಗೆ ಅಮ್ಮ ಜಗಳಕ್ಕೆ ಬರುತ್ತಾರೆ. ಆಮೇಲಾಮೇಲೆ ಬೇಡಕ್ಕ ಮಗುವಿನ ಬಾಯಿಯನ್ನು ನಂಬುವುದು ಬಿಟ್ಟು, ಬೂಟಿನ ತುದಿ ಒತ್ತಿ ಹೆಬ್ಬೆರಳು ಎಲ್ಲಿದೆ ಎಂದು ತಾವೇ ನೋಡತೊಡಗಿದರು. ಅಂಗಡಿ ಮುಚ್ಚಿದಾಗ ಈ ಆಸ್ಪತ್ರೆಗೆ ನೆಲ ಒರೆಸಲು ಬಂದರು. ಕಾರಿಡಾರಿನಲ್ಲಿ ಮಕ್ಕಳೊಡನೆ ಹರಟುವುದನ್ನು ಕಂಡ ದೊಡ್ಡ ಡಾಕ್ಟರ್ ಕೈಯಿಂದ ನೆಲ ಒರೆಸುವ ಕೋಲು ಬಿಡಿಸಿ ಸ್ಟೂಲು ಕೊಟ್ಟರು.

ದಿನಕ್ಕೆ ಏಳೆಂಟು ಮಕ್ಕಳನ್ನು ಅವರು ಮಾತಾಡಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಪ್ರಯೋಗ ಹೊಂದುವುದೇ ಇಲ್ಲ. ವಯಸ್ಸು ಸರಿಯಾದರೆ ತೂಕ ಸರಿಯಿಲ್ಲ, ತೂಕ ಸರಿಯಾದರೆ ಕಾಯಿಲೆಯೇ ಬೇರೆ. ಅದನ್ನು ಹೇಳುವ ಕೆಲಸವೂ ಇವರ ತಲೆಗೇ ಬಂದಿದೆ. ಒಬ್ಬ ತಾತ, ಮೊಮ್ಮಗನಿಗೆ ವಯಸ್ಸು ಸಾಲದೆಂದಾಗ, “ಅವನ ಬದಲು ನಾನೇ ನುಂಗ್ತೀನಿ ತಾಯಿ, ನನಗೆ ಬೇಕಾದಷ್ಟು ವಯಸ್ಸಿದೆ,” ಎಂದು ಪಟ್ಟು ಹಿಡಿದು ಸಂಜೆಯವರೆಗೆ ಕುಳಿತಿದ್ದರಂತೆ.

ಬೈಗುಳಕ್ಕೂ ಬರವಿಲ್ಲ. ಮನೆಗೆ ಹೋದ ಮಕ್ಕಳು ಹಾಲು ಬೇಡ, ಸ್ನಾನ ಬೇಡ, ಸ್ಕೂಲಂತೂ ಬೇಡವೇ ಬೇಡ ಎಂದು ಶುರುಹಚ್ಚಿಕೊಂಡರೆ ಅಮ್ಮಂದಿರು ಫೋನು ಮಾಡುವುದು ಇವರಿಗೆ. ಮೇಲಿನ ಅಧಿಕಾರಿಯೊಬ್ಬರು, “ನಿಮ್ಮನ್ನ ಇಟ್ಕೊಂಡಿರೋದು ಮಕ್ಕಳನ್ನ ಸೇರಿಸೋಕೋ ಓಡಿಸೋಕೋ?” ಎಂದು ಕೇಳಿದ್ದಾರೆ. ಮಗಳು ಬೇಡ ಎಂದಳೆಂದು ವಾಪಸು ಹೋದ ಅಪ್ಪನೊಬ್ಬರು ಈಗಲೂ ಇವರನ್ನು ಕಂಡರೆ ಮುಖ ತಿರುಗಿಸುತ್ತಾರೆ. “ಅವರ ಸಂಕಟ ಅವರಿಗೆ. ನಾನಾಗಿದ್ರೂ ಹಾಗೇ ಮಾಡ್ತಿದ್ನೇನೋ,” ಎಂದು ಬೇಡಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ. ಆ ಮಾತಿಗೆ ಮಾತ್ರ ಅವರಿಗೆ ನಗು ಬರುವುದಿಲ್ಲ.

ಆದರೆ ನಿಜವಾಗಿ ಅವರ ಬೆವರಿಳಿಸಿದ್ದು ಬೇಡ ಎಂದ ಮಗುವಲ್ಲ, ಎಲ್ಲದಕ್ಕೂ ಹೂಂ ಎಂದ ಒಬ್ಬ ಹುಡುಗ.

ಮೂರು ತಿಂಗಳ ಹಿಂದಿನ ಮಾತು. ಹುಡುಗನಿಗೆ ಒಂಬತ್ತು ವರ್ಷ. ಕಿಡ್ನಿಯ ತೊಂದರೆ, ಒಂದು ನೆಗಡಿ ಬಂದರೆ ಸಾಕು, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಳ್ಳುತ್ತಿತ್ತು. ಹಳೆಯ ಮಾತ್ರೆಯಿಂದ ಊತ ಇಳಿಯುತ್ತಿತ್ತು, ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ಹೊಸ ಮಾತ್ರೆಯ ಪ್ರಯೋಗದ ಸುದ್ದಿ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಸೋದರಮಾವನಿಗೆ. ಯಾರೋ ಆಸ್ಪತ್ರೆಯ ಪ್ರಕಟಣೆಯ ನಕಲು ಮಾಡಿಸಲು ಬಂದಾಗ ಅದನ್ನು ಓದಿ, ತನಗೊಂದು ಪ್ರತಿ ಹೆಚ್ಚಿಗೆ ತೆಗೆದಿಟ್ಟುಕೊಂಡಿದ್ದ. ಅಮ್ಮ, ಅಜ್ಜಿ, ಹುಡುಗ ಓಡೋಡಿ ಬಂದಾಗ ಉಳಿದಿದ್ದದ್ದು ಒಂದೇ ಜಾಗ. ಸಂಜೆ ಐದಕ್ಕೆ ಸೇರ್ಪಡೆ ಮುಗಿಯುತ್ತಿತ್ತು.

ಪರೀಕ್ಷೆಗಳೆಲ್ಲ ಹೊಂದಿದವು. ಅಮ್ಮ ರುಜು ಹಾಕಿದರು. ಬೇಡಕ್ಕ ಸ್ಟೂಲು ಎಳೆದುಕೊಂಡರು.

“ನಿನ್ನ ಮೂಗು ಕಿತ್ಕೊಳ್ಳಲಾ?”

“ಹೂಂ.”

“ಕಿವಿ?”

“ಹೂಂ. ಯಾವ್ದು?”

“ನಿಮ್ಮಮ್ಮನ್ನ ನೆಲ ಒರೆಸೋಕೆ ಇಟ್ಕೊಳ್ಳಲಾ?”

ಹುಡುಗ ಸ್ವಲ್ಪ ಯೋಚಿಸಿದ. “ಹೂಂ. ಎಷ್ಟು ಹೊತ್ತಿಗೆ ಬಿಡ್ತೀರ?”

“ಎದುರು ಮಾತು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ನಮ್ಮ ಕೂಸಿಗೆ,” ಎಂದರು ಅಜ್ಜಿ, ಬಹುಮಾನ ಬಂದಷ್ಟು ಹೆಮ್ಮೆಯಿಂದ.

ಹಾವು ಏಣಿ ಆಡಿದರು. ಬೇಡಕ್ಕ ಕಣ್ಣೆದುರೇ ಮೋಸ ಮಾಡಿದರು. ಹುಡುಗ ಜಗಳವಾಡುವ ಬದಲು ಅವರ ಕಾಯಿಯನ್ನು ಇನ್ನೂ ನಾಲ್ಕು ಮನೆ ಮುಂದಿಟ್ಟ. ಗಡಿಯಾರ ನೋಡಿ ನೋಡಿ ತಾಳ್ಮೆ ಕೆಟ್ಟ ದೊಡ್ಡ ಡಾಕ್ಟರ್ ತಾವೇ ಬಂದು, ಹುಬ್ಬು ಗಂಟಿಕ್ಕಿ, “ನಿನಗೆ ಮೈಯೆಲ್ಲಾ ಹಸಿರು ಬಣ್ಣ ಬಳೀತೀವಿ,” ಎಂದರು. “ಹೂಂ ಸಾರ್. ಅಂಗಿ ಬಿಚ್ಚಲಾ?” ಎಂದ ಹುಡುಗ.

“ಒಪ್ತಾ ಇದಾನಲ್ಲ ಅಕ್ಕ, ಇನ್ನೇನು ಬೇಕು ನಿಮಗೆ?” ಅಮ್ಮ ಬೆಂಚಿನಿಂದ ಎದ್ದು ನಿಂತರು. “ಎರಡು ವರ್ಷದಿಂದ ಅಲೀತಿದೀನಿ. ಇರೋದೇ ಒಂದು ಜಾಗ.”

“ಇವನು ಹಸಿರು ಬಣ್ಣಕ್ಕೂ ಒಪ್ಪಿದಾನೆ ತಾಯಿ,” ಎಂದರು ಬೇಡಕ್ಕ. ಹೇಳಿದ್ದು ಮೆತ್ತಗೆ. ಬೂಟಾದರೆ ಬದಲಾಯಿಸಿ ಕೊಡಬಹುದಿತ್ತು. ಒಂದು ಸಲ ತಲೆಯಾಡಿಸಿಬಿಟ್ಟರೆ ಹುಡುಗನಿಗೆ ಜಾಗ ಸಿಗುತ್ತದೆ. ನಾಳೆ ಹೊಟ್ಟೆ ತೊಳೆಸಿದರೂ ತಲೆ ಸುತ್ತಿದರೂ ಹೇಳದೆ ಹೂಂ ಎಂದುಕೊಂಡೇ ನುಂಗುತ್ತಾನೆ. ತಲೆಯಾಡಿಸದಿದ್ದರೆ ಅವನ ಜಾಗ ಇವರಿಂದಲೇ ಹೋಗುತ್ತದೆ.

ಅಮ್ಮನನ್ನೂ ಅಜ್ಜಿಯನ್ನೂ ಚಹಾ ಕುಡಿಯಲು ಕಳಿಸಿ, “ಯಾಕಪ್ಪಾ ಎಲ್ಲದಕ್ಕೂ ಹೂಂ ಅಂತೀಯ?” ಎಂದು ನೇರವಾಗಿ ಕೇಳಿದರು.

“ಹೂಂ ಅಂದ್ರೆ ಬೇಗ ಮುಗಿಯತ್ತೆ,” ಎಂದ ಹುಡುಗ. “ಇಲ್ಲಾಂದ್ರೆ ಎಲ್ಲರೂ ಅಳ್ತಾರೆ.”

ಬೇಡಕ್ಕ ಹಾವು ಏಣಿಯ ಹಲಗೆ ಮಡಿಚಿಟ್ಟರು. ನಾಲ್ಕೂವರೆಗೆ ಅಮ್ಮ ಅಜ್ಜಿಯೊಡನೆ ವಾಪಸು ಬಂದು, ಇವರ ಮುಖ ನೋಡಿಯೇ ಅರ್ಥ ಮಾಡಿಕೊಂಡು ಚೀಲ ಎತ್ತಿಕೊಂಡರು. “ಹೋಗ್ಲಿ ಬಿಡಿ. ನಡಿ ಮಗನೇ, ಮನೆಗೆ ಹೋಗೋಣ.”

ಹುಡುಗ ಏಳಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

“ಬೇಡ,” ಎಂದ.

ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. “ಏನಂದೆ? ನನ್ನ ಕಿವಿ ಸ್ವಲ್ಪ ಮಂದ,” ಎಂದರು ಬೇಡಕ್ಕ.

“ಬೇಡ ಅಂದೆ. ನಾನು ಮನೆಗೆ ಬರಲ್ಲ. ಇನ್ನೂ ಕೇಳೋದಿದೆ.”

ಕೇಳಿದ್ದು ಒಂದೆರಡಲ್ಲ. ಹೊಸ ಮಾತ್ರೆ ಸಿಗದೆ ಹಳೆಯದೇ ಸಿಕ್ಕರೆ? ಸಿಗಬಹುದು; ಚೀಟಿ ಎತ್ತಿದ ಹಾಗೆ, ಯಾವುದು ಸಿಕ್ಕಿತೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಹೊಸದು ಸಿಕ್ಕರೆ ವಾಸಿಯಾಗುವುದು ಖಂಡಿತವೇ? ಇಲ್ಲ, ಅದನ್ನೇ ನೋಡಬೇಕಾಗಿರುವುದು. ಮಧ್ಯದಲ್ಲಿ ಬಿಡಬಹುದೇ? ಬಿಡಬಹುದು. ಬೈಯುತ್ತಾರೆಯೇ? “ಬೈದ್ರೆ ನನಗೆ ಹೇಳು,” ಎಂದರು ಬೇಡಕ್ಕ, ಡಾಕ್ಟರ ಕಡೆ ನೋಡುತ್ತಾ.

“ಹಾಗಾದ್ರೆ ಸೇರ್ತೀನಿ. ಆದ್ರೆ ರಕ್ತ ತೆಗೆಯೋವಾಗ ಅಜ್ಜಿ ಒಳಗೆ ಬರೋದು ಬೇಡ. ಸೂಜಿ ನನಗೆ, ಅಳೋದು ಅವರು.”

ಅಜ್ಜಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಬೇಡಕ್ಕ ತಲೆಯಾಡಿಸಿದರು. ಐದು ಹೊಡೆಯುವುದಕ್ಕೆ ಮೊದಲು ಡಾಕ್ಟರ್ ಕಂಪ್ಯೂಟರಿನ ಕಡೆ ಓಡಿದ ಓಟವನ್ನು ನರ್ಸುಗಳು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ.

ಹುಡುಗ ಇವತ್ತು ಮೂರನೇ ತಿಂಗಳ ರಕ್ತಪರೀಕ್ಷೆಗೆ ಬಂದಿದ್ದಾನೆ. ಮಧ್ಯದಲ್ಲೊಮ್ಮೆ ನೆಗಡಿ ಬಂದಿತ್ತು; ಮುಖ ಸ್ವಲ್ಪ ಊದಿ ತಾನಾಗಿ ಇಳಿಯಿತು. ಅದು ಹೊಸ ಮಾತ್ರೆಯ ಗುಣವೋ ಹಳೆಯದರದೋ ಅದೃಷ್ಟವೋ ಯಾರಿಗೂ ಗೊತ್ತಿಲ್ಲ. ಬೇಡಕ್ಕನೂ ಅದರ ಬಗ್ಗೆ ಒಂದು ಮಾತು ಹೆಚ್ಚಿಗೆ ಆಡುವುದಿಲ್ಲ. ನಿಮ್ಮ ಆಸೆ ಏನು ಎಂದರೆ, “ಎಲ್ಲಾ ಮಕ್ಕಳೂ ವಾಸಿಯಾಗ್ಲಿ ಅನ್ನೋದು ಇದ್ದದ್ದೇ. ಅದು ನನ್ನ ಕೈಲಿಲ್ಲವಲ್ಲ. ನನ್ನ ಕೈಲಿರೋದು ಇಷ್ಟೇ,” ಎಂದು ಸ್ಟೂಲು ತಟ್ಟುತ್ತಾರೆ.

ಮಾತು ಮುಗಿಯುವಷ್ಟರಲ್ಲಿ ರಕ್ತ ತೆಗೆಯುವ ಕೋಣೆಯ ಬಾಗಿಲು ತೆರೆದು ದೊಡ್ಡ ಡಾಕ್ಟರ್ ಹೊರಗೆ ಬರುತ್ತಾರೆ.

“ನೋಡಿ ನಿಮ್ಮ ಶಿಷ್ಯನ್ನ. ಮೊದಲನೇ ಸಲ ನರ ಸಿಗಲಿಲ್ಲ. ಇನ್ನೊಂದು ಸಲ ಚುಚ್ತೀವಿ ಅಂದ್ರೆ ಈ ಕೈಗೆ ಬೇಡ, ಆ ಕೈಗೆ, ಅದೂ ಐದು ನಿಮಿಷ ಬಿಟ್ಟು ಅಂತಾನೆ. ನನ್ನನ್ನೇ ಹೊರಗೆ ಕಳಿಸಿದಾನೆ.”

ಬೇಡಕ್ಕ ಎದ್ದು ಡಾಕ್ಟರಿಗೆ ಸ್ಟೂಲು ಬಿಟ್ಟುಕೊಡುತ್ತಾರೆ.

“ಜೋರಾಗಿ ಅಂದ್ನಾ ಸಾರ್?”