ಹಿಂದಿನ ಗಾಜು ಸರಿಯುವ ಗಾಡಿ

ಮೊನ್ನೆ ಸಾಮಾನು ಹೇರುವ ಹೊಸ ಗಾಡಿ ನೋಡಲು ಹೋಗಿದ್ದೆ. ಮಾರುವವನು ಹೊರೆ, ಮೈಲೇಜು, ಹಿಂದಿನ ಬಾಡಿಯ ಉದ್ದ ಎಲ್ಲ ಬಾಯಿಪಾಠ ಒಪ್ಪಿಸಿದ. ನಾನು ಸೀಟಿನ ಮೇಲೆ ಕೂತು ಹಿಂದಕ್ಕೆ ಕೈ ಹಾಕಿದೆ. ಬೆನ್ನ ಹಿಂದಿನ ಗಾಜು ಸರಿಯಲಿಲ್ಲ. ಇದು ಬ್ಯಾಡ್ರಿ ಅಂದು ಇಳಿದೆ. ಇವನಿಗೆಲ್ಲೋ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದ. ನೋಡಲಿ ಬಿಡಿ, ಅಪ್ಪನನ್ನು ನಾನೂ ಒಮ್ಮೆ ಹಾಗೇ ನೋಡಿದ್ದೆ.

ಬಡಿಗತನ ನಮ್ಮ ಮನೆಯ ಕಸುಬು. ಹಾನಗಲ್ಲಿನಲ್ಲಿ ಕೂತು ಸುತ್ತಲಿನ ಊರುಗಳಿಗೆಲ್ಲ ಬಾಗಿಲು ಚೌಕಟ್ಟು ಮಾಡಿಕೊಡುತ್ತೇವೆ. ಮೊದಲ ಗಾಡಿ ಕೊಳ್ಳಲು ಶಿಗ್ಗಾಂವಿಗೆ ಹೋದಾಗ ಹೈವೇ ಬದಿಯಲ್ಲಿ ಮಾರಾಟಕ್ಕೆ ಹಳೆಯವು ಎರಡಿದ್ದವು. ಹಲಗೆ, ತೊಲೆ, ಹತ್ಯಾರದ ಪೆಟ್ಟಿಗೆ ಎಲ್ಲ ಒಂದೇ ಸಲಕ್ಕೆ ಹಿಡಿಸುವ ಉದ್ದನೆಯದು ನನ್ನ ಮನಸ್ಸಿಗೆ ಬಂತು. ಅಪ್ಪ ಅದನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ. ಪಕ್ಕದ ಮೋಟು ಗಾಡಿಗೆ ಕಷ್ಟಪಟ್ಟು ಹತ್ತಿ, ಸೀಟಿನ ಹಿಂದಿನ ಸಣ್ಣ ಗಾಜನ್ನು ಸರಿಸುವುದು, ಮುಚ್ಚುವುದು, ಮತ್ತೆ ಸರಿಸುವುದು.

"ಇದನ್ನ ತಗೋ. ಕೈ ಹಿಂದಕ್ಕ ಹೋಗತೈತಿ," ಅಂದ.

ಕಿಟಕಿ ನೋಡಿ ಗಾಡಿ ಕೊಳ್ಳುವುದೆಂದರೆ ಬಾಸಿಂಗ ನೋಡಿ ಮದುಮಗನನ್ನು ಒಪ್ಪಿದ ಹಾಗೆ. ಅಲ್ಲೇ ರೇಗಿದೆ. ಆದರೆ ಅವನ ಕೊರಗು ಏನೆಂದು ನನಗೆ ಗೊತ್ತಿತ್ತು.

ಅಪ್ಪ ಚೌಕಟ್ಟನ್ನು ಎಂದೂ ಒಂಟಿಯಾಗಿ ಕಳಿಸಿದವನಲ್ಲ. ಚಕ್ಕಡಿಯ ಕಾಲದಲ್ಲಿ ಮನೆ ಕಟ್ಟಿಸುವವರು ಬಂದು ಅರಿಶಿಣ ಕುಂಕುಮ ಹಚ್ಚಿ ಹೇರಿಕೊಂಡ ಮೇಲೆ, ಅದರ ಮೇಲೊಂದು ಕೈ ಇಟ್ಟು ಊರು ಮುಟ್ಟುವ ತನಕ ನಡೆಯುತ್ತಿದ್ದ. ಸವಣೂರಿನ ವೀಳ್ಯದೆಲೆ ತೋಟಗಳ ನೆರಳಿನಲ್ಲಿ ಚಕ್ಕಡಿ ನಿಂತರೆ ಕೈ ಬದಲಿಸುತ್ತಿದ್ದನೇ ಹೊರತು ತೆಗೆಯುತ್ತಿರಲಿಲ್ಲ. ಮರಳುವಾಗ ತಿನ್ನಲು ಅಲ್ಲಿಯ ಕರಿದ ಖಾರದ ಪೊಟ್ಟಣ ತರುತ್ತಿದ್ದ. ಇವತ್ತಿಗೂ ಹೊಸ ಕಟ್ಟಿಗೆಗೆ ಉಜ್ಜುಗೊರಡು ಹಾಕಿ ನಯಮಾಡಿದರೆ ನನಗೆ ಆ ಖಾರದ ವಾಸನೆಯೂ ಬರುತ್ತದೆ. ಹೀಗೆ ಜೊತೆಗೆ ನಡೆಯುವುದು ಯಾಕೆ ಅಂತ ಅವ್ವ ಕೇಳಿದರೆ ಅವನದು ಒಂದೇ ಉತ್ತರ: "ಬಾಗ್ಲಾ ಅಂದ್ರ ಲಕ್ಷ್ಮಿ. ಒಬ್ಬಾಕಿನ್ನ ಹೆಂಗ ಕಳಸೂದು?"

ಚಕ್ಕಡಿ ಹೋಗಿ ಬಾಡಿಗೆ ಟೆಂಪೋ ಬಂತು, ಅಪ್ಪನ ಮೊಣಕಾಲೂ ಹೋದವು. ಹಿಂದೆ ಹತ್ತಿ ಕೂರಲು ಡ್ರೈವರುಗಳು ಬಿಡಲಿಲ್ಲ. ಚೌಕಟ್ಟು ಮುಟ್ಟಿತೆಂದು ಫೋನು ಬರುವ ತನಕ ಅವನು ತುತ್ತು ಬಾಯಿಗಿಡುತ್ತಿರಲಿಲ್ಲ. ಜೊತೆಗೆ ಹೋಗಿ ಮುಟ್ಟಿಸಲು ಆಗದವನು ಮಾಡುವುದಾದರೂ ಯಾಕೆ ಅಂದು ಕೊನೆಗೆ ಉಳಿ ಹಿಡಿಯುವುದನ್ನೇ ಬಿಟ್ಟ. ಅವನನ್ನು ಮತ್ತೆ ಕೆಲಸಕ್ಕೆ ಕೂರಿಸಲು ನನಗೆ ಬೇರೆ ದಾರಿ ಇರಲಿಲ್ಲ. ಗೊಣಗುತ್ತ ಮೋಟು ಗಾಡಿಯನ್ನೇ ತಂದೆ.

ಮರುದಿನವೇ ಅಪ್ಪ ಉಳಿ ಮಸೆದ. ಅಲ್ಲಿಂದ ಮುಂದೆ ನನ್ನ ಪಾಡು ಕೇಳಬೇಡಿ. ಆ ಕಿಟಕಿಯಿಂದ ಧೂಳು ನುಗ್ಗಿ ಮೈಯೆಲ್ಲ ಕೆಂಪು, ತೊಲೆಗಳು ಹಿಂದೆ ಚಾಚಿ ಅದಕ್ಕೊಂದು ಕೆಂಪು ಬಟ್ಟೆ. ದಾರಿಯುದ್ದಕ್ಕೂ ಬೈಯುತ್ತಿದ್ದೆ. ಅಪ್ಪ ಕಿವಿಗೇ ಹಾಕಿಕೊಳ್ಳದೆ, ತೋಳು ಹಿಂದೆ ಚಾಚಿ ಚೌಕಟ್ಟು ಹಿಡಿದು ದೇಸಾಯಿಯ ಗತ್ತಿನಲ್ಲಿ ಕೂತಿರುತ್ತಿದ್ದ. ಎಷ್ಟು ಚೆಂದದ ದಿನಗಳು ಅವು!

ಅವನು ಮಾಡಿದ ಕೊನೆಯ ಚೌಕಟ್ಟು ಹಿರೇಕೆರೂರಿಗೆ ಹೊರಟಿತ್ತು. ಚಿಕ್ಕೇರೂರು ದಾಟಿದ ಮೇಲೆ ನೋಡುತ್ತೇನೆ, ಅಪ್ಪನಿಗೆ ನಿದ್ದೆ ಹತ್ತಿದೆ, ಕೈ ಜಾರಿ ತೊಡೆಯ ಮೇಲೆ ಬಿದ್ದಿದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಹಗ್ಗ ಬಿಗಿದಿತ್ತು, ಚೌಕಟ್ಟಿಗೆ ಏನೂ ಆಗುತ್ತಿರಲಿಲ್ಲ. ಆದರೂ ತಡೆಯಲಾಗದೆ ಎಡಗೈ ಹಿಂದೆ ಹಾಕಿ ನಾನೇ ಹಿಡಿದೆ. ಗೇರು ಬದಲಿಸಲು ಈಗ ಕೈಯಿಲ್ಲ. ಎರಡನೇ ಗೇರಿನಲ್ಲೇ ತೆವಳುತ್ತ ಹೊರಟೆವು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದರು.

ಹಂಸಭಾವಿಯ ಹತ್ತಿರ ಅಪ್ಪನಿಗೆ ಎಚ್ಚರವಾಯಿತು. ಗಾಬರಿಯಿಂದ ಕೈ ಹಿಂದೆ ಹಾಕಿದ. ಚೌಕಟ್ಟಿನ ಮೇಲೆ ನನ್ನ ಕೈ ಸಿಕ್ಕಿತು. ಅದರ ಮೇಲೆ ತನ್ನ ಕೈಯಿಟ್ಟ.

"ನಾ ಹಿಡಿತೇನಿ ಬಿಡು," ಅಂದ. "ನೀ ಗೇರ್ ಹಾಕು."