ಸೈಕಲ್ ಸಾಬರ ಅಳತೆ ನೂಲು

ಪಂಕ್ಚರ್ ಆದ ಟ್ಯೂಬನ್ನು ಅವರು ನೀರಿನಲ್ಲಿ ಅದ್ದುತ್ತಿರಲಿಲ್ಲ. ಗಾಳಿ ತುಂಬಿ, ಕೆಳತುಟಿಯ ಮುಂದೆ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. ತೂತು ಅಲ್ಲೇ. ಬೆರಳುಗಳು ಗ್ರೀಸು ಕುಡಿದು ಕಾಯಿ ಕಟ್ಟಿದ್ದವು, ಅವಕ್ಕೆ ಸಣ್ಣ ಗಾಳಿ ಗೊತ್ತಾಗುತ್ತಿರಲಿಲ್ಲ. ಆ ತುಟಿ ಮಾತ್ರ ಅಂಗಡಿ ನಡೆಸಿದಷ್ಟು ದಿನವೂ ಮೆತ್ತಗಿತ್ತು.

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಮಗ್ಗದ ಶೆಡ್ಡುಗಳು ಮುಗಿಯುವ ತಿರುವಿನಲ್ಲಿ ಅವರ ರಿಪೇರಿ ಅಂಗಡಿ. ಊರಿಗೆ ಸೈಕಲ್ ಸಾಬರು, ನನಗೆ ಚಾಚಾ. ನಾನು ಮಗ್ಗದವರಿಂದ ಸೀರೆ ತಂದು ಮನೆಮನೆಗೆ ಹೊತ್ತು ಮಾರಿ ಮೇಲೆ ಬಂದವಳು. ಚೌಕಾಸಿ ಮಾಡದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಂಡವಳಲ್ಲ. ಚಾಚಾನ ಹತ್ತಿರ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ರೇಟು ಒಂದೇ ಸಲ ಹೇಳುತ್ತಿದ್ದರು, ಆಮೇಲೆ ಕಿವುಡರಾಗುತ್ತಿದ್ದರು. "ಸ್ವಲ್ಪ ನೋಡಿ ಹೇಳಿ ಚಾಚಾ" ಎಂದರೆ ಸ್ಪೋಕ್ ಬಿಗಿ ಮಾಡುತ್ತಾ, "ಇವತ್ತು ಬಿಸಿಲು ಜಾಸ್ತಿ ಅಲ್ವೇನಮ್ಮಾ" ಎನ್ನುತ್ತಿದ್ದರು.

ನನ್ನ ಮಗಳಿಗೆ ಹುಟ್ಟಿದಾಗಿನಿಂದ ಬೆನ್ನು ನಿಲ್ಲುವುದಿಲ್ಲ, ಮಾತಿಲ್ಲ. ನಗು ಇದೆ. ಹತ್ತು ವರ್ಷದವರೆಗೆ ಸೊಂಟದ ಮೇಲೆ ಹೊತ್ತೆ. ಹನ್ನೊಂದಕ್ಕೆ ನನ್ನ ಸೊಂಟ ಬೇಡ ಎಂದಿತು. ಗಾಡಿ ಹುಡುಕಲು ಶುರು ಮಾಡಿದ್ದು ಆಗ. ಪುಟ್ಟ ಮಕ್ಕಳನ್ನು ತಳ್ಳುವ ಗಾಡಿ ಅಗ್ಗಕ್ಕೆ ಸಿಕ್ಕಿತು, ಕೂರಿಸಿದರೆ ಕಾಲು ನೆಲ ಗುಡಿಸುತ್ತಿತ್ತು. ಇಂಥ ದೊಡ್ಡ ಮಕ್ಕಳಿಗೆಂದೇ ಮಾಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿತ್ತು. ತಲೆಗೆ ಆಸರೆ, ಎದೆಗೆ ಬೆಲ್ಟು, ಎಲ್ಲ ಇತ್ತು. ಬೆಲೆ ಕೇಳಿದೆ. ಕೊನೇ ರೇಟು ಎಷ್ಟು ಎಂದು ಕೇಳದೆ ಒಂದು ಅಂಗಡಿಯಿಂದ ಇಳಿದು ಬಂದಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅರ್ಧಕ್ಕೆ ಇಳಿಸಿದರೂ ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಆಮೇಲೆ ಒಂದು ಶಿಬಿರದಲ್ಲಿ ಪುಕ್ಕಟೆ ಗಾಲಿಕುರ್ಚಿ ಕೊಟ್ಟರು. ಹಾರ ಹಾಕಿ ಫೋಟೋ ತೆಗೆದರು. ಮನೆಗೆ ತಂದು ಕೂರಿಸಿದರೆ ಅದು ದೊಡ್ಡವರ ಕುರ್ಚಿ, ಮಗು ಒಂದು ಮೂಲೆಗೆ ಮೂಟೆಯ ಹಾಗೆ ವಾಲಿಕೊಂಡಿತು. ಈಗ ಯಾರು ಕೇಳಿದರೂ ಹೇಳುತ್ತೇನೆ: ಮಗುವನ್ನು ಕೂರಿಸಿ ನೋಡದೆ ಸಹಿ ಹಾಕಬೇಡಿ, ಫೋಟೋ ಆಮೇಲೆ ತೆಗೆಯಲಿ. ನನಗೆ ಹೇಳುವವರು ಯಾರೂ ಇರಲಿಲ್ಲ.

ಕುರ್ಚಿಯನ್ನು ಚಾಚಾನ ಅಂಗಡಿಗೆ ತಳ್ಳಿಕೊಂಡು ಹೋದೆ. "ಇದನ್ನ ಚಿಕ್ಕದು ಮಾಡಿಕೊಡಿ."

ಅವರು ಕುರ್ಚಿಯ ಕಡೆ ನೋಡಲೇ ಇಲ್ಲ. "ಇದ್ರಲ್ಲಿ ಕೂರೋರು ಎಲ್ಲಿ?"

"ಮನೇಲಿದ್ದಾಳೆ."

"ಕರ್ಕೊಂಡು ಬನ್ನಿ. ಕಾಲು ಮನೇಲಿಟ್ಟು ಚಪ್ಪಲಿ ಹೊಲ್ಸೋಕೆ ಬಂದಿದ್ದೀರಲ್ಲಮ್ಮಾ."

ಮಗಳನ್ನು ಹೊತ್ತು ತಂದೆ. ಅವರು ಕೈ ತೊಳೆದು ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಸಲಾಂ ಗುಡಿಯಾ" ಎಂದರು, ಅವರ ಮಾತಿನಲ್ಲಿ ಗೊಂಬೆ. ಅವಳು ನಕ್ಕಳು. ಮಾರಲು ತಂದು ಕುರ್ಚಿಯ ಮೇಲಿಟ್ಟಿದ್ದ ನನ್ನ ಸೀರೆ ಗಂಟಿಗೆ ಕಟ್ಟಿದ್ದ ಕೆಂಪು ನೂಲನ್ನು ಬಿಚ್ಚಿಕೊಂಡು, ಒಂದು ತುದಿ ಅವಳ ಬೆನ್ನಿಗೆ ಹಿಡಿಯಲು ನನಗೆ ಕೊಟ್ಟು, ಮಂಡಿಯವರೆಗೆ ಎಳೆದು ಅಲ್ಲೊಂದು ಗಂಟು ಹಾಕಿದರು. ಟೇಪು ಇಲ್ಲವೇ ಎಂದು ಕೇಳಿದೆ. "ನಂಬರು ನಂಗೆ ಕಣ್ಣಿಗೆ ಕಾಣಲ್ಲ. ಗಂಟಾದ್ರೆ ಪೈಪ್ ಮೇಲಿಟ್ಟು ಕುಯ್ಬಹುದು."

ಬುದ್ಧಿವಂತೆಯಾದ ನಾನು ಬಾಯಿ ಹಾಕಿದ್ದು ಅಲ್ಲೇ. ಶಾಲೆಯ ಲಂಗವನ್ನು ನಾವೆಲ್ಲ ಎರಡು ವರ್ಷ ಬರಲಿ ಎಂದು ಮಡಿಕೆ ಬಿಟ್ಟು ಹೊಲಿಸಿದವರೇ. "ಬೆಳೆಯೋ ಮಗು ಚಾಚಾ, ನಾಲ್ಕು ಬೆರಳು ದೊಡ್ಡದೇ ಮಾಡಿ. ವರ್ಷ ವರ್ಷ ನಿಮ್ಮ ತಲೆ ತಿನ್ನಲ್ಲ."

"ಕುರ್ಚಿ ಇವತ್ತಿನ ಮಗೂಗೆ ಆಗ್ಬೇಕಮ್ಮಾ. ನಾಳೆದು ನಾಳೆ ನೋಡೋಣ."

"ದುಡ್ಡು ಕೊಡೋಳು ನಾನು."

ಆ ಒಂದು ದಿನ ಮಾತ್ರ ಅವರು ಕಿವುಡರಾಗಲಿಲ್ಲ. ಎದೆಗೊಂದು ಬೆಲ್ಟು ಹಾಕಿ, ನಾಲ್ಕು ಬೆರಳು ದೊಡ್ಡದೇ ಮಾಡಿಕೊಟ್ಟರು. ಗೆದ್ದೆ ಎಂದುಕೊಂಡು ತಳ್ಳಿಕೊಂಡು ಬಂದೆ.

ಹತ್ತು ದಿನ ಕಳೆದಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹುರುಳಿಕಾಯಿಗೆ ಚೌಕಾಸಿ ಮಾಡುತ್ತಾ ನಿಂತಿದ್ದೆ. ಪಕ್ಕದ ಹೂವಿನವಳು, "ಅಕ್ಕಾ, ಮಗು ನೋಡು" ಎಂದಳು. ತಿರುಗಿದರೆ ಮಗಳು ಆ ನಾಲ್ಕು ಬೆರಳಿನ ಸಡಿಲಿನಲ್ಲಿ ಮುಂದಕ್ಕೆ ಜಾರಿ, ಎದೆಯ ಬೆಲ್ಟು ಗಂಟಲಿಗೆ ಬಂದು ನಿಂತಿತ್ತು. ಕೂಗಲು ಅವಳಿಗೆ ಬಾಯಿಲ್ಲ. ಮುಖ ಕಪ್ಪಿಟ್ಟಿತ್ತು. ಎಳೆದರೂ ಬಕಲ್ ಬಿಚ್ಚಿಕೊಳ್ಳಲಿಲ್ಲ, ಹೂವಿನವಳೇ ದಾರ ಕತ್ತರಿಸುವ ಕತ್ತರಿಯಲ್ಲಿ ಬೆಲ್ಟು ಕತ್ತರಿಸಿದಳು.

ಮಗಳಿಗೆ ಉಸಿರು ಬಂದ ಮೇಲೆ ನೇರ ಅಂಗಡಿಗೆ ಹೋದೆ. ಚಾಚಾ ಬಯ್ಯಲಿಲ್ಲ. ಕುರ್ಚಿಯನ್ನು ತಲೆಕೆಳಗು ಮಾಡಿ ಗರಗಸ ಹಚ್ಚಿದರು. ನಾನು ಏನೋ ಹೇಳಲು ಹೋದೆ.

"ನೀವು ತಾಯಿ, ಆಸೆ ಪಡ್ತೀರಾ. ಕೆಲಸ ಮಾಡಿದೋನು ನಾನು. ಗೊತ್ತಿದ್ದೂ ನಾನು ಮಾಡ್ಬಾರ್ದಿತ್ತು."

ಸಂಜೆಯೊಳಗೆ ಪೈಪು ಕುಯ್ದು, ನೂಲಿನ ಗಂಟಿಗೆ ಸರಿಯಾಗಿ ಬೆಸೆದರು. ಬೆಸುಗೆ ಆರಿದ ಮೇಲೆ ಮಗುವಿನ ಮೈ ತಾಗುವ ಕಡೆಯೆಲ್ಲ ಕಬ್ಬಿಣದ ಮೇಲೆ ತಮ್ಮ ಕೆಳತುಟಿಯನ್ನು ಸವರಿ ನೋಡಿದರು. ಒಂದು ಕಡೆ ತುಟಿ ಗೀರಿ ರಕ್ತ ಬಂತು. "ಸಿಕ್ತು" ಎಂದು ಅಲ್ಲಿ ಅರ ತಿಕ್ಕಿದರು. "ಚುಚ್ತು ಅಂತ ಗುಡಿಯಾ ಹೇಳಲ್ವಲ್ಲ. ನಂಗೇ ಚುಚ್ಲಿ."

ಆ ಕುರ್ಚಿಯಲ್ಲಿ ಮಗಳು ನೆಟ್ಟಗೆ ಕೂತಳು. ಮೊದಲ ಸಲ ಬೀದಿಯನ್ನು ಎದುರಿಗೆ ನೋಡಿದಳು. ಅಲ್ಲಿಯವರೆಗೆ ನನ್ನ ಹೆಗಲ ಹಿಂದಿನ ಬೀದಿಯಷ್ಟೇ ಅವಳದಾಗಿತ್ತು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ರಂಜಾನ್ ಹಬ್ಬ ಮುಗಿದು ಅಂಗಡಿ ತೆಗೆದ ದಿನ ಮೊದಲ ಕೆಲಸ ಗುಡಿಯಾದು. ಮೊಳೆಗೆ ನೇತುಹಾಕಿದ್ದ ಕೆಂಪು ನೂಲನ್ನು ಇಳಿಸಿ, ಹಳೆಯ ಗಂಟಿನ ಮುಂದೆ ಹೊಸ ಗಂಟು ಹಾಕಿ, ಅಷ್ಟೇ ಉದ್ದದ ಪೈಪಿನ ತುಂಡು ಸೇರಿಸಿ ಬೆಸೆಯುತ್ತಿದ್ದರು. ಕಬ್ಬಿನ ಗಿಣ್ಣಿನ ಹಾಗೆ ಸೀಟಿನ ಪೈಪಿನಲ್ಲಿ ಆ ಗುರುತುಗಳಿವೆ. ನೂಲಿನಲ್ಲಿ ಮೂರು ಗಂಟು ಬಿದ್ದವು. ಹೋದ ವರ್ಷ ಹಬ್ಬ ಮುಗಿದರೂ ಅಂಗಡಿ ತೆಗೆಯಲಿಲ್ಲ. ಉಸಿರಿನ ಕಾಯಿಲೆ, ಹಾಸಿಗೆ ಹಿಡಿದಿದ್ದರು. ನೋಡಲು ಹೋದಾಗ ಆ ತುಟಿ ಒಣಗಿ ಬಿರಿದಿತ್ತು.

"ಗುಡಿಯಾದು ಒಂದು ತುಂಡು ಹಾಕ್ಬೇಕಿತ್ತಲ್ಲಮ್ಮಾ."

"ನೀವು ಎದ್ದ ಮೇಲೆ ಹಾಕಿದ್ರಾಯ್ತು ಚಾಚಾ."

"ಮಂಡಿ ಸೀಟಿಂದ ಮುಂದೆ ಬಂದಿದ್ಯಾ?"

"ಇಲ್ಲ, ಸರಿಯಾಗೇ ಇದೆ" ಎಂದು ಸುಳ್ಳು ಹೇಳಿದೆ. ನಂಬಲಿಲ್ಲ. ಕಣ್ಣು ಮುಚ್ಚಿಕೊಂಡರು.

ಈ ಸಲದ ಉಪವಾಸದ ತಿಂಗಳಲ್ಲಿ ಹೋಗಿಬಿಟ್ಟರು. ಕೆಲವು ದಿನ ಬಿಟ್ಟು ಅವರ ಹೆಂಡತಿ ನನ್ನನ್ನು ಕರೆದು ಆ ನೂಲನ್ನು ಕೈಗಿತ್ತರು. "ಬೇರೆ ಯಾರಿಗೂ ಇದು ಬೇಕಾಗಲ್ಲಮ್ಮಾ" ಎಂದರು.

ಮಗಳಿಗೀಗ ಹದಿನೈದು. ನನ್ನ ಗಂಡ ಕೆಲಸ ಮಾಡುವ ಸೋಂಪುರದ ಕಡೆ ವೆಲ್ಡಿಂಗ್ ಅಂಗಡಿಗಳಿಗೆ ಲೆಕ್ಕವಿಲ್ಲ. ಗೂಡ್ಸ್ ಆಟೋದಲ್ಲಿ ಕುರ್ಚಿ, ಮಗು ಎರಡನ್ನೂ ಕೂರಿಸಿಕೊಂಡು ಹೋದೆ.

"ಡ್ರಾಯಿಂಗ್ ತಂದಿದ್ದೀರಾ ಮೇಡಂ?" ಎಂದ ಮೊದಲ ಅಂಗಡಿಯವನು.

"ಮಗೂನೇ ತಂದಿದ್ದೀನಲ್ಲಪ್ಪ."

"ಮಗು ನೋಡಿ ನಾನೇನು ಮಾಡ್ಲಿ. ಸೈಜ್ ಹೇಳಿ."

ನೂಲು ತೋರಿಸಿದೆ. ಅವನು ಪಕ್ಕದವನ ಮುಖ ನೋಡಿದ. ಮುಂದಿನ ಅಂಗಡಿಯವನು ಹೊಸದು ತಗೊಳ್ಳಿ ಎಂದ. ಅದರ ಮುಂದಿನವನು ಮಾಡುತ್ತೇನೆ ಎಂದ, "ಬೆಳೆಯೋ ಮಗು ಅಲ್ವಾ ಮೇಡಂ, ಸ್ವಲ್ಪ ದೊಡ್ಡದೇ ಮಾಡಿಬಿಡ್ತೀನಿ" ಎಂದ. ಕುರ್ಚಿ ಎತ್ತಿಕೊಂಡು ಬಂದುಬಿಟ್ಟೆ.

ಎಲ್ಲರಿಗೂ ಬುದ್ಧಿ ಹೇಳುವವಳು ನಾನು. ಎಲ್ಲಿ ಯಾವ ಸೀರೆ ಕೊಳ್ಳಬೇಕು, ಯಾವ ಆಸ್ಪತ್ರೆಯಲ್ಲಿ ಎಷ್ಟು ಹೊತ್ತಿಗೆ ಚೀಟಿ ಮಾಡಿಸಬೇಕು, ಎಲ್ಲ ನನ್ನ ಬಾಯಲ್ಲಿದೆ. ಇದಕ್ಕೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರಾದರೂ ನನಗೆ ಹೇಳಬೇಕು.

ಮೊನ್ನೆ ಮಗಳನ್ನು ಗೋಡೆಗೆ ಒರಗಿಸಿ, ನೂಲಿನ ತುದಿಯನ್ನು ಬೆನ್ನಿಗೆ ಹಿಡಿದು ನಾನೇ ಮಂಡಿಯವರೆಗೆ ಎಳೆದೆ. ಚಾಚಾ ಹಾಕಿದ ಕೊನೆಯ ಗಂಟು ತೊಡೆಯ ಮೇಲೇ ನಿಂತಿತು. ಅಲ್ಲಿಂದ ಮಂಡಿಗೆ ಎಷ್ಟೆಂದು ಬೆರಳಿಟ್ಟು ನೋಡಿದೆ. ಅಂದು ನಾನು ಹಟ ಮಾಡಿ ಕೇಳಿದ್ದ ಅದೇ ನಾಲ್ಕು ಬೆರಳು.