ಎಲೆಯ ಮುಂದೆ ಕೈಕಟ್ಟಿ ಕುಳಿತ ಚನ್ನಬಸವಯ್ಯನವರು

ಊಟಕ್ಕೆ ಕುಳಿತವರು ಸಾಮಾನ್ಯವಾಗಿ ಎಲೆಗೆ ನೀರು ಚಿಮುಕಿಸಿ ಒರೆಸುತ್ತಾರೆ. ಚನ್ನಬಸವಯ್ಯನವರು ಮಾತ್ರ ಕುಳಿತೊಡನೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, "ಅಡುಗೆಯವರನ್ನ ಸ್ವಲ್ಪ ಕರೀರಿ" ಎನ್ನುತ್ತಿದ್ದರು. ಮದುವೆಯ ಮನೆಯಾಗಲಿ, ಮಾಗಡಿ ರಸ್ತೆಯ ಸಣ್ಣ ಹೋಟೆಲಾಗಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ಅಡುಗೆಯವನು ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರೆ ಇವರು ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದರು.

"ಇವತ್ತು ಯಾವ್ಯಾವ ಡಬ್ಬ ತೆಗೆದ್ರಿ?"

"ಗೋಧಿ ಹಾಕಿದ್ದೀರಾ?" ಎಂದು ಅವರು ಎಂದೂ ಕೇಳಿದವರಲ್ಲ. ಹಾಗೆ ಕೇಳಿದರೆ ಯಾವ ಅಡುಗೆಯವನಾದರೂ "ಇಲ್ಲ ಸಾರ್" ಎಂದೇ ಹೇಳುತ್ತಾನೆ ಎಂಬುದು ಅವರ ಸಿದ್ಧಾಂತ. "ಟಿಕೆಟ್ ತಗೊಂಡಿದೀರಾ ಅಂತ ಯಾರಾದ್ರೂ ಕೇಳ್ತಾರಾ ಟೀಚರಮ್ಮ? ಎಲ್ಲಿ ಹತ್ತಿದ್ರಿ ಅಂತ ಕೇಳ್ಬೇಕು. ಆಮೇಲೆ ಸುಳ್ಳು ತಾನಾಗೇ ಕೆಳಗೆ ಇಳಿಯುತ್ತೆ."

ಅವರು ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಗೋವಿಂದರಾಜನಗರದ ಬಾಡಿಗೆ ಮನೆಯೊಂದರಲ್ಲಿ ತಾವೇ ಅಡುಗೆ ಮಾಡಿಕೊಂಡಿದ್ದರು. ತೆಳ್ಳಗೆ, ಎತ್ತರಕ್ಕೆ, ಮುಂದಕ್ಕೆ ಬಾಗಿದ ಆಳು. ನಿಲ್ಲುವಾಗ ಇಂದಿಗೂ ಬಸ್ಸು ಓಡುತ್ತಿದೆಯೇನೋ ಎಂಬಂತೆ ಕಾಲುಗಳನ್ನು ಅಗಲಿಸಿ ನಿಲ್ಲುತ್ತಿದ್ದರು. ಸ್ನೇಹಿತರನ್ನು ಏಕವಚನದಲ್ಲಿ ಕರೆಯುತ್ತಿದ್ದ ಅವರು, ತಪ್ಪಿನ ವಾಸನೆ ಹತ್ತಿದೊಡನೆ ಬಹುವಚನಕ್ಕೆ ಏರುತ್ತಿದ್ದರು. ನಾನು ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದವಳು. ಬಹುವಚನವನ್ನು ಹೀಗೆ ಬೆದರಿಕೆಗೆ ಬಳಸಿದ ಇನ್ನೊಬ್ಬರನ್ನು ಕಂಡಿಲ್ಲ.

ನಮ್ಮ ಪರಿಚಯವಾದದ್ದು ಆಸ್ಪತ್ರೆಯೊಂದರ ಬೆಂಚಿನ ಮೇಲೆ, ಈ ದಶಕದ ಆರಂಭದಲ್ಲಿ. ನನ್ನ ಮಗಳು ಉಮಾ ಆಗ ಒಂದನೆಯ ತರಗತಿಗೆ ಹೋಗಬೇಕಾದವಳು. ನೋಡಿದವರು ಅವಳನ್ನು ಅಂಗನವಾಡಿಯ ಮಗುವೆಂದು ತಿಳಿಯುತ್ತಿದ್ದರು. ಕೈಕಾಲುಗಳು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ ಗುಡಾಣ. ಜಂತುಹುಳು ಎಂದರು, ದೃಷ್ಟಿ ಎಂದರು, ತಾಯಿಗೆ ಕೆಲಸದ ಚಪಲ, ಮಗುವಿಗೆ ಊಟ ಹಾಕುವುದಿಲ್ಲ ಎಂದೂ ಅಂದರು. ನಾನು ಕೆಲಸ ಬಿಟ್ಟೆ. ಮಗು ಮತ್ತೂ ಸೊರಗಿತು. ಕಡೆಗೆ ಒಬ್ಬ ವೈದ್ಯರು ಕರುಳಿನ ಚೂರು ತೆಗೆದು ಪರೀಕ್ಷಿಸಿ, ಇದು ಸೀಲಿಯಾಕ್ ಎಂಬ ಕಾಯಿಲೆ, ಗೋಧಿಯೇ ಇವಳಿಗೆ ವಿಷ, ಔಷಧವೆಂದರೆ ಜೀವಮಾನವಿಡೀ ಗೋಧಿಯನ್ನು ಬಿಡುವುದೊಂದೇ ಎಂದರು. ನಾನು ಪ್ರಶ್ನೆಗಳ ಮಳೆ ಸುರಿಸಿದಾಗ ಅವರು ಬಾಗಿಲಿನಾಚೆಗೆ ಬೆರಳು ತೋರಿಸಿದರು: "ಇದೇ ಕಾಯಿಲೆಯ ನಿಮ್ಮ ಕಡೆಯವರೇ ಒಬ್ಬರು ಹೊರಗೆ ಕೂತಿದಾರೆ. ನನಗಿಂತ ಚೆನ್ನಾಗಿ ಅವರು ಹೇಳ್ತಾರೆ."

ಹೊರಗೆ ಕುಳಿತಿದ್ದ ಚನ್ನಬಸವಯ್ಯನವರು ಉಮಾಳ ಹೊಟ್ಟೆಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. "ಬನ್ನಿ ಬನ್ನಿ. ನಮ್ಮ ಸಂಘಕ್ಕೆ ಇದುವರೆಗೂ ನಾನೊಬ್ನೇ ಸದಸ್ಯ, ಹಾಗಾಗಿ ಅಧ್ಯಕ್ಷನೂ ನಾನೇ. ಇವತ್ತಿಂದ ಈ ಮಗು ಕಾರ್ಯದರ್ಶಿ."

ಅಂದಿನಿಂದ ಅವರು ಅವಳನ್ನು "ಕಾರ್ಯದರ್ಶಿಗಳೇ" ಎಂದೇ ಕರೆದರು. ಆ ಇಬ್ಬರ ಸಂಘಕ್ಕೆ ಮೂರನೆಯ ಸದಸ್ಯರು ಕೊನೆಗೂ ಬರಲಿಲ್ಲ. ಆದರೆ ಇಡೀ ಪಶ್ಚಿಮ ಬೆಂಗಳೂರಿನಲ್ಲಿ ನನಗೆ ಒದಗಿದ ಆಸರೆ ಅದೊಂದೇ. ಚಪಾತಿ, ಉಪ್ಪಿಟ್ಟು, ಬ್ರೆಡ್ಡುಗಳನ್ನು ನಾನು ಬಿಟ್ಟಿದ್ದೆ. ಇಂಗಿನ ಪುಡಿಗೆ ಮೈದಾ ಬೆರೆಸುತ್ತಾರೆಂದು, ಹೋಟೆಲಿನ ದೋಸೆ ಗರಿಗರಿಯಾಗಲೆಂದು ರವೆ ಸೇರಿಸುತ್ತಾರೆಂದು, ಹಿಟ್ಟಿನ ಮಿಲ್ಲಿನಲ್ಲಿ ನಮ್ಮ ರಾಗಿಗೆ ಮುಂಚೆ ಬೀಸಿದ ಯಾರದೋ ಗೋಧಿ ಕಲ್ಲಿನಲ್ಲೇ ಉಳಿದಿರುತ್ತದೆಂದು ತಿಳಿಸಿದವರು ಅವರು. ವಿಜಯನಗರದ ನಮ್ಮ ಬೀದಿಯ ಮಿಲ್ಲಿಗೆ ಅವರೇ ಬಂದರು. ಕಲ್ಲನ್ನು ಬಿಚ್ಚಿ ಶುಚಿ ಮಾಡುವ ದಿನ ಮೊದಲ ಸರದಿ ಈ ಮಗುವಿನದು ಎಂದು ಮಿಲ್ಲಿನವನಿಂದ ಮಾತು ತೆಗೆದುಕೊಂಡು, ಅವನು ಗೊಣಗಿದಾಗ, "ನೀವು ಗೊಣಗಿ, ನಾನು ಇಲ್ಲೇ ಕೂತು ಕೇಳಿಸ್ಕೋತೀನಿ" ಎಂದು ಮೂಟೆಯ ಮೇಲೆ ಕುಳಿತುಬಿಟ್ಟರು. ರಾಗಿ ಬೀಸಿ ಮುಗಿಯುವವರೆಗೆ ಅವರು ಏಳಲಿಲ್ಲ.

ಅವರು ಯಾರನ್ನೂ ಕ್ಷಮಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಯಿಲೆಗೆ ಹೆಸರು ಸಿಗುವ ಮುಂಚಿನ ವರ್ಷಗಳಲ್ಲಿ ಡಿಪೋದ ಒಬ್ಬ ಅಧಿಕಾರಿ, "ಹೊಟ್ಟೆನೋವಿನ ನಾಟಕ ಸಾಕು ಕಣಯ್ಯ" ಎಂದು ಅವರಿಗೆ ರಜೆ ನಿರಾಕರಿಸಿದ್ದನಂತೆ. ವರ್ಷಗಳಾದ ಮೇಲೆ ಅದೇ ಅಧಿಕಾರಿ ಅವಧಿ ಮುಗಿದ ಪಾಸಿನೊಂದಿಗೆ ಮೆಜೆಸ್ಟಿಕ್ ಬಸ್ಸಿನಲ್ಲಿ ಇವರ ಕೈಗೆ ಸಿಕ್ಕಿದ. ಇವರು ದಂಡ ಹಾಕಿ ಸುಮ್ಮನಾಗಲಿಲ್ಲ. ಬಸ್ಸು ನಿಲ್ಲಿಸಿ, ಇಳಿಸಿ, ಅವನು ನಡೆಯುವುದನ್ನು ಕಿಟಕಿಯಿಂದ ನೋಡುತ್ತ ಹೋದರು. ಇದನ್ನು ಹೇಳುವಾಗಲೆಲ್ಲ ಅವರ ಮುಖ ಹಬ್ಬದ ದಿನದಂತಿರುತ್ತಿತ್ತು. "ಅವತ್ತು ಬಿಸಿಲಿತ್ತು ಟೀಚರಮ್ಮ, ಒಳ್ಳೇ ಬಿಸಿಲು" ಎಂದು ಮುಗಿಸುತ್ತಿದ್ದರು.

ಇನ್ನು ನನ್ನ ಯಜಮಾನರ ಅಕ್ಕನ ವಿಷಯ. ಅವರ ಹೆಸರು ಸರ್ವಮಂಗಳಮ್ಮ. ಹೆಸರನ್ನು ಮರೆಮಾಡಿ ಬರೆಯುವುದು ಒಳ್ಳೆಯದೆಂದು ಯಜಮಾನರು ಸೂಚಿಸಿದರು. ಸೂಚನೆಯನ್ನು ಗಮನಿಸಿದ್ದೇನೆ.

ಗೋಧಿ ಬಿಟ್ಟ ಮೇಲೆ ಉಮಾ ಚಿಗುರಿದಳು. ಕೆನ್ನೆ ತುಂಬಿತು, ಬೀದಿಯಲ್ಲಿ ಓಡಿ ಬಿದ್ದು ಮಂಡಿ ತರಚಿಕೊಂಡು ಬಂದ ದಿನ ನಾನು ಸಂತೋಷದಿಂದ ಅತ್ತೆ. ಆದರೆ ಶ್ರಾವಣ ಕಳೆಯುತ್ತಿದ್ದಂತೆ ಹೊಟ್ಟೆ ಮತ್ತೆ ಉಬ್ಬಿತು, ಕೂದಲು ಬಾಚಣಿಗೆಯಲ್ಲಿ ಉಳಿಯತೊಡಗಿತು. ನಾನು ಮನೆಯ ಪ್ರತಿಯೊಂದು ಡಬ್ಬವನ್ನು ತೊಳೆದು ಬಿಸಿಲಿಗಿಟ್ಟೆ. ವೈದ್ಯರು ತೂಕ ನೋಡಿ, "ನೀವು ಹೇಳಿದ್ದನ್ನು ಪಾಲಿಸ್ತಾ ಇಲ್ಲ. ಹೀಗೇ ಆದ್ರೆ ಈ ಮಗು ಉಳಿಯೋದು ಕಷ್ಟ" ಎಂದರು. ಜೀವನದಲ್ಲಿ ಮೊದಲ ಬಾರಿಗೆ ನಾನು ತಪ್ಪು ಮಾಡಿದ ವಿದ್ಯಾರ್ಥಿನಿಯಂತೆ ನಿಂತಿದ್ದೆ, ತಪ್ಪೇನೆಂದು ತಿಳಿಯದೆ.

ಆ ಸಂಜೆ ಚನ್ನಬಸವಯ್ಯನವರು ನಮ್ಮ ಜಗಲಿಯಲ್ಲಿ ಉಮಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಹಳೆಯ ಸೀಟಿಯನ್ನು ಅವಳ ಕೈಗೆ ಕೊಟ್ಟರು. ಏನು ತಿಂದೆ ಎಂದು ಕೇಳಲಿಲ್ಲ.

"ಕಾರ್ಯದರ್ಶಿಗಳೇ, ನಮ್ಮೂರ ದೇವ್ರು ಬರೀ ಬೆಲ್ಲ ಕೊಡ್ತಿದ್ದ. ಜಿಪುಣ. ನಿಮ್ಮ ದೇವ್ರು ಏನ್ ಕೊಡ್ತಾನೆ?"

"ಸಜ್ಜಿಗೆ."

"ಓಹೋ. ಯಾರ ಮನೆ ದೇವ್ರು ಅದು?"

"ಅತ್ತೆ ಮನೇದು. ಸೋಮವಾರದ ದೇವ್ರು. ಅಮ್ಮಂಗೆ ಹೇಳಿದ್ರೆ ದೇವ್ರಿಗೆ ಸಿಟ್ಟು ಬರುತ್ತೆ, ಅಮ್ಮಂಗೆ ಏನಾದ್ರೂ ಆಗುತ್ತೆ." ಆಮೇಲೆ ಭಯದಿಂದ ನನ್ನನ್ನು ನೋಡಿದಳು.

ಸಜ್ಜಿಗೆ ಎಂದರೆ ರವೆ. ರವೆ ಎಂದರೆ ಗೋಧಿ. ಪಕ್ಕದ ರಸ್ತೆಯಲ್ಲಿದ್ದ ಸರ್ವಮಂಗಳಮ್ಮನವರ ಮನೆಗೆ ನಾನು ಚಪ್ಪಲಿ ಮೆಟ್ಟದೆ ಹೋದೆ. ಅವರು ಹೂ ಕಟ್ಟುತ್ತಿದ್ದರು. "ನಾನ್ಯಾಕೆ ಕೊಡ್ಲಿ? ಮಗು ಸುಳ್ಳು ಹೇಳ್ತಾ ಇದೆ. ಹಸಿದಿರೋ ಮಕ್ಳು ಏನೇನೋ ಹೇಳ್ತವೆ. ನಿನ್ನ ಟೀಚರ್ ಗತ್ತಿಗೆ ನಮ್ಮ ಮನೆತನದ ಕೂಸು ಒಣಗ್ತಾ ಇದೆ ಕಣೇ" ಎಂದು, ತಲೆಯೆತ್ತದೆ ಹೂವಿಗೆ ಗಂಟು ಹಾಕಿದರು. ವಾರ ಕಳೆಯುವುದರೊಳಗೆ ನೆಂಟರಿಷ್ಟರಲ್ಲೆಲ್ಲ ಉಮಾ ಸುಳ್ಳುಬುರುಕಿಯೆಂದೂ, ಅವಳಿಗೆ ಅದನ್ನು ಕಲಿಸಿದವಳು ನಾನೆಂದೂ ಹಬ್ಬಿತು. ಯಜಮಾನರು ಅಕ್ಕನೆದುರು ಮಾತಾಡಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇನ್ನು ಮುಂದೆ ಯಾರು ಬೇಕಾದರೂ ಅವಳ ಬಾಯಿಗೆ ಏನು ಬೇಕಾದರೂ ಇಡಬಹುದಿತ್ತು. ಅವಳು ಹೇಳಿದರೆ ನಂಬುವವರಿರಲಿಲ್ಲ.

ಚನ್ನಬಸವಯ್ಯನವರು ಎಲ್ಲವನ್ನೂ ಕೇಳಿಸಿಕೊಂಡು, "ಅವರು ಬಸವೇಶ್ವರನಗರದಲ್ಲಿ ಮನೆ ಕಟ್ಟಿಸ್ತಿದಾರಲ್ಲ, ಗೃಹಪ್ರವೇಶ ಯಾವಾಗ?" ಎಂದಷ್ಟೇ ಕೇಳಿದರು. ಸರ್ವಮಂಗಳಮ್ಮನವರ ಯಜಮಾನರಾದ ನಂಜುಂಡಪ್ಪನವರು ಅದೇ ಬಸ್ಸುಗಳ ಕಚೇರಿಯಲ್ಲಿ ಗುಮಾಸ್ತರು. ಇಲಾಖೆಯ ಹಿರಿಯರೆಂದು ಇವರನ್ನು ಕರೆಯದೆ ಇರುವಂತಿರಲಿಲ್ಲ.

ಗೃಹಪ್ರವೇಶದ ದಿನ ಸುಣ್ಣದ ವಾಸನೆ ಇನ್ನೂ ಆರದ ಹಜಾರದಲ್ಲಿ ಮೊದಲ ಪಂಕ್ತಿ ಕುಳಿತಿತು. ತುದಿಯ ಎಲೆ ಚನ್ನಬಸವಯ್ಯನವರದು, ಪಕ್ಕದಲ್ಲಿ ಮನೆಯಿಂದ ತಂದ ಡಬ್ಬಿಯೊಡನೆ ಉಮಾ, ಅವಳ ಪಕ್ಕದಲ್ಲಿ ನಾನು. ಕೋಸಂಬರಿ, ಪಲ್ಯ, ಹೋಳಿಗೆ, ಸಜ್ಜಿಗೆ, ಅನ್ನ, ಸಾರು ಎಲ್ಲ ಬಡಿಸಿಯಾಯಿತು. ಪಂಕ್ತಿಯ ಹಿರಿಯರು ಮೊದಲ ತುತ್ತು ಎತ್ತುವವರೆಗೆ ಉಳಿದವರು ಎಲೆಗೆ ಕೈಯಿಡುವಂತಿಲ್ಲ. ಹಿರಿಯರು ಕೈಕಟ್ಟಿ ಕುಳಿತಿದ್ದರು.

"ಶುರು ಮಾಡಿ ಸಾರ್" ಎಂದರು ನಂಜುಂಡಪ್ಪ.

"ಮಾಡೋಣ. ಮನೆಯವರನ್ನ ಸ್ವಲ್ಪ ಕರೀರಿ."

"ಅಡುಗೆಯವರನ್ನಾ ಸಾರ್?"

"ಅವರದು ಬೆಳಿಗ್ಗೇನೇ ಆಯ್ತು. ನಿಮ್ಮ ಯಜಮಾನ್ತೀನ."

ಸರ್ವಮಂಗಳಮ್ಮ ಜರಿ ಸೀರೆಯಲ್ಲಿ, ತುಪ್ಪದ ಮಿಳ್ಳೆ ಹಿಡಿದು ಬಂದರು. "ಏನ್ ಸಾರ್, ತುಪ್ಪ ಹಾಕ್ಲಾ?"

"ತುಪ್ಪ ಆಮೇಲೆ ತಾಯಿ. ಈ ಸಜ್ಜಿಗೆ ಪ್ರಸಾದ ತಾನೆ?"

"ಹೌದು, ಪೂಜೇಲಿಟ್ಟಿದ್ದು."

"ಪ್ರಸಾದ ತಿಂದ್ರೆ ಯಾರಿಗಾದ್ರೂ ಕೆಟ್ಟದ್ದಾಗುತ್ತಾ?"

"ಎಲ್ಲಾದ್ರೂ ಉಂಟಾ?" ಅವರು ನನ್ನನ್ನು ನೋಡಿಯೇ ಹೇಳಿದರು. "ದೇವ್ರದ್ದು. ಯಾರಿಗೂ ಏನೂ ಆಗಲ್ಲ."

"ಕೊಟ್ಟೋರಿಗೆ ಪುಣ್ಯ."

"ಮತ್ತೆ?"

"ಹಾಗಾದ್ರೆ ಈ ಮಗೂಗೆ ಕೊಟ್ಟಿದ್ದನ್ನ ಕೊಟ್ಟಿಲ್ಲ ಅಂತ ಯಾಕೆ ಹೇಳಿದ್ರಿ? ಪುಣ್ಯದ ಕೆಲಸ ಮಾಡಿ ಯಾರಾದ್ರೂ ಬಚ್ಚಿಡ್ತಾರಾ?"

ಮಿಳ್ಳೆಯಿಂದ ತುಪ್ಪ ಹೊಸ ನೆಲದ ಮೇಲೆ ತೊಟ್ಟಿಕ್ಕಿತು. ಎರಡನೆಯ ಪಂಕ್ತಿಗೆ ಕಾದು ಹಿಂದೆ ನಿಂತಿದ್ದವರಲ್ಲಿ ಯಾರೋ, "ಏನಂತೆ?" ಎಂದರು, ಇನ್ನಾರೋ, "ಸಾರು ಆರಿ ಹೋಯ್ತು" ಎಂದರು. ನಂಜುಂಡಪ್ಪ ಬಗ್ಗಿ, "ಊಟ ಆಗ್ಲಿ ಸಾರ್, ಆಮೇಲೆ ಮಾತಾಡೋಣ" ಎಂದು ಬೇಡಿಕೊಂಡರು.

"ಆಮೇಲೆ ಎಲ್ರೂ ಇಳಿದು ಹೋಗ್ತಾರೆ ನಂಜುಂಡಪ್ಪ. ತಪಾಸಣೆ ಬಸ್ಸಲ್ಲಿ ಜನ ಇರೋವಾಗ್ಲೇ ಆಗ್ಬೇಕು."

ಎಲ್ಲರ ಕಣ್ಣೂ ಸರ್ವಮಂಗಳಮ್ಮನವರ ಮೇಲಿತ್ತು.

"ಒಂದೆರಡು ಸಲ ಕೊಟ್ಟಿರಬಹುದು" ಎಂದರು ಅವರು.

"ಎಲ್ಲಿಂದ ಶುರು?"

"ಶ್ರಾವಣದಿಂದ."

"ಎಲ್ಲಾ ಸೋಮವಾರಾನೂ?"

ಅವರು ತಲೆಯಾಡಿಸಿದರು.

"ಮಗು ಸುಳ್ಳು ಹೇಳಿತ್ತಾ? ಬಾಯಲ್ಲಿ ಹೇಳಿ ತಾಯಿ. ಹಿಂದೆ ನಿಂತೋರಿಗೂ ಕೇಳಿಸ್ಲಿ."

"ಇಲ್ಲ. ಮಗು ಸುಳ್ಳು ಹೇಳಿಲ್ಲ."

ಚನ್ನಬಸವಯ್ಯನವರು ಕಟ್ಟಿದ್ದ ಕೈ ಬಿಚ್ಚಿ, ಎಲೆಯನ್ನು ಪಕ್ಕಕ್ಕೆ ಸರಿಸಿ, ಉಮಾಳ ಡಬ್ಬಿಯಿಂದ ಒಂದು ತುತ್ತು ಮೊಸರನ್ನ ಬಾಯಿಗಿಟ್ಟು, "ಎಲ್ರೂ ಶುರು ಮಾಡಿ" ಎಂದರು. ನಾನು ಅಂದು ಅನ್ನವನ್ನು ಎರಡು ಸಲ ಹಾಕಿಸಿಕೊಂಡೆ. ಮನೆಯಲ್ಲಿ ವರ್ಷದಿಂದ ಕಾಣದಿದ್ದ ಹೋಳಿಗೆಯನ್ನೂ ಬಿಡಲಿಲ್ಲ. ಸರ್ವಮಂಗಳಮ್ಮನವರೇ ತುಪ್ಪ ಹಾಕಿದರು. ಅಷ್ಟು ರುಚಿಯಾದ ಊಟವನ್ನು ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಅನಂತರವೂ ಮಾಡಿಲ್ಲ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಚನ್ನಬಸವಯ್ಯನವರು ಕೇಳಿದರು: "ಸೇಡು ತೀರ್ತಾ ಟೀಚರಮ್ಮ?"

"ಇಲ್ಲ."

"ಒಳ್ಳೇದು. ತೀರಿಬಿಟ್ರೆ ಕಾವಲು ಬಿಡ್ತೀರಿ."

ಅಂದಿನಿಂದ ನಮ್ಮ ನೆಂಟರಲ್ಲಿ ಯಾರೂ ಉಮಾಳ ಕೈಗೆ ಏನನ್ನಾದರೂ ಕೊಡುವ ಮುನ್ನ ನನ್ನ ಮುಖ ನೋಡುತ್ತಾರೆ. ಅದು ಪ್ರೀತಿಯಲ್ಲ, ಹೆದರಿಕೆ. ಹೆದರಿಕೆಯಿಂದಲೂ ಮಕ್ಕಳು ಬೆಳೆಯುತ್ತಾರೆ. ಈಗ ಅವಳು ನನ್ನ ಭುಜಕ್ಕೆ ಬರುತ್ತಾಳೆ.

ಚನ್ನಬಸವಯ್ಯನವರು ಕೊನೆಯ ದಿನಗಳಲ್ಲಿ ಕೆಂಗೇರಿಯ ಮಗನ ಮನೆಗೆ ಹೋದರು. ಅಲ್ಲಿಯೂ ತಮ್ಮ ಪಾತ್ರೆಗಳನ್ನು ಬೇರೆ ಇಟ್ಟುಕೊಂಡಿದ್ದರಂತೆ. ಒಂದು ಬೆಳಿಗ್ಗೆ ರಾಗಿ ಗಂಜಿ ಕುಡಿದು ಕುಳಿತವರು ಮತ್ತೆ ಏಳಲಿಲ್ಲ. ಅವರ ಶಿವಗಣಾರಾಧನೆಗೆ ನಾವು ಹೋದಾಗ, ಹಾರ ಹಾಕಿದ ಫೋಟೋದ ಮುಂದೆ ಎಡೆ ಇಟ್ಟಿದ್ದರು: ಚಪಾತಿ, ಶಾವಿಗೆ ಪಾಯಸ, ಹೋಳಿಗೆ. ನಾನು ನಿಂತಲ್ಲೇ ನಿಂತೆ.

"ಬದುಕಿದ್ದಾಗ ಒಂದು ತುತ್ತೂ ಬಾಯಿಗಿಡೋಕಾಗ್ಲಿಲ್ಲ, ಪಾಪ" ಎಂದಳು ಅವರ ಸೊಸೆ. "ಈಗ್ಲಾದ್ರೂ ತಿನ್ನಲಿ ಅಂತ ನಾನೇ ಮಾಡಿಸ್ದೆ ಆಂಟಿ." ಆಕೆಯ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. ನನಗೆ ಸದಾ ಸಿದ್ಧವಾಗಿರುವ ಕೋಪ ಅಲ್ಲಿ ಒದಗಿ ಬರಲಿಲ್ಲ. ಸುಮ್ಮನೆ ಹೋಗಿ ಪಂಕ್ತಿಯಲ್ಲಿ ಕುಳಿತೆ. ಎದುರು ಸಾಲಿನಲ್ಲಿ ನಂಜುಂಡಪ್ಪನವರೂ ಸರ್ವಮಂಗಳಮ್ಮನವರೂ ಇದ್ದರು.

ಬಡಿಸಿ ಮುಗಿಯಿತು. ಹಿರಿಯರೊಬ್ಬರು ತುತ್ತು ಕಲಸತೊಡಗಿದರು. ಆಗ ನನ್ನ ಪಕ್ಕದಲ್ಲಿ ಉಮಾ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಳು.

"ಅಡುಗೆಯವರನ್ನ ಸ್ವಲ್ಪ ಕರೀರಿ."

ಅಡುಗೆಯವನು ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದ. ಯಾವ್ಯಾವ ಡಬ್ಬ ತೆಗೆದಿರಿ ಎಂದು ಕೇಳಿ, ಅವನು ಹೇಳುವುದನ್ನೆಲ್ಲ ಕೇಳಿಸಿಕೊಂಡು, ಅವಳು ತನ್ನ ಎಲೆಯನ್ನಲ್ಲ, ಫೋಟೋದ ಮುಂದಿನ ಎಲೆಯನ್ನು ತೋರಿಸಿದಳು.

"ನನ್ನದು ಇರ್ಲಿ. ಮೊದಲು ಅಧ್ಯಕ್ಷರ ಎಲೆ ಬದಲಾಯಿಸಿ. ಅವರಿಗೆ ಅದು ಆಗಲ್ಲ."

ಕಲಸಿದ ಅನ್ನದ ಮೇಲೆ ಹಿರಿಯರ ಕೈ ಹಾಗೇ ನಿಂತಿತು. ಎದುರು ಸಾಲಿನಲ್ಲಿ, ಎಲ್ಲರಿಗಿಂತ ಮೊದಲು ಎಲೆಯಿಂದ ಕೈ ಹಿಂದೆಗೆದು ಎದೆಯ ಮೇಲೆ ಕಟ್ಟಿಕೊಂಡವರು ಸರ್ವಮಂಗಳಮ್ಮ. ಸೊಸೆ ಎದ್ದು ಹೊಸ ಎಲೆ ತಂದು, ಅದರ ಮೇಲೆ ಅನ್ನ, ಮೊಸರು, ಒಂದು ಚೂರು ಬೆಲ್ಲ ಇಡುವವರೆಗೂ ಅವರು ಆ ಕೈಗಳನ್ನು ಬಿಚ್ಚಲಿಲ್ಲ.

ಅದನ್ನು ನಾನು ನೋಡಿದೆ. ನೋಡಿದೆನೆಂದು ಇಲ್ಲಿ ಬರೆದಿದ್ದೇನೆ. ಕಾವಲು ಬಿಡುವ ಉದ್ದೇಶ ನನಗಿಲ್ಲ.